ಭಯಾನಕ ಕಥಾಮಾಲೆಗಳ ಆಕರ್ಷಣೆ

ವಾರಕ್ಕೊಂದು ಹೊಸ ಕಥೆಯನ್ನು ನೀಡುವ ದೂರದರ್ಶನದ ಭಯಾನಕ ಮಾಲೆಗಳಲ್ಲಿ ನಾಯಕನು ಉಳಿಯುವನೆಂಬ ಭರವಸೆಯಿಲ್ಲ. ಪ್ರೇಕ್ಷಕನ ಕುತೂಹಲಕ್ಕೆ ಇದೊಂದು ಕಾರಣ. ಇದಕ್ಕಿಂತ ಆಳವಾದ ಕಾರಣವೊಂದನ್ನು ಅಮೆರಿಕದ ಇತಿಹಾಸವು ತೋರಿಸುತ್ತದೆ.

1955ರಲ್ಲಿ ಮಿಸಿಸಿಪಿ ಪ್ರಾಂತದಲ್ಲಿ ಬಿಳಿಯರು ಎಮೆಟ್ ಟಿಲ್ ಎಂಬ 14 ವರ್ಷದ ಕರಿಯ ಬಾಲಕನನ್ನು ಕೊಂದರು. ಈ ಘಟನೆಯಿಂದ ಪ್ರೇರಿತವಾದ ರಾಡ್ ಸರ್ಲಿಂಗನ ನಾಟಕವು 1956ರಲ್ಲಿ ಪ್ರಸಾರವಾಗುವಷ್ಟರಲ್ಲಿ, ಪ್ರಾಯೋಜಕರ ಅಂಜಿಕೆಯ ಫಲವಾಗಿ ಅದರ ಕಥಾಸ್ಥಳವೇ ನ್ಯೂ ಇಂಗ್ಲೆಂಡಿಗೆ ಬದಲಾಗಿತ್ತು. 1959ರಲ್ಲಿ ಆತನು ‘ದಿ ಟ್ವಿಲೈಟ್ ಝೋನ್’ ಮಾಲೆಯನ್ನು ಆರಂಭಿಸಿದನು. 1964ರವರೆಗೆ ಅದು 156 ಕಂತುಗಳಲ್ಲಿ ನಡೆಯಿತು. 1960ರ ಕಂತೊಂದರಲ್ಲಿ, ವಿದ್ಯುತ್ತು ನಿಂತೊಡನೆ ಒಂದು ಬೀದಿಯ ನಿವಾಸಿಗಳು ಅನ್ಯಗ್ರಹದವರ ಶಂಕೆಯಿಂದ ತಮ್ಮ ನೆರೆಯವನನ್ನೇ ಗುಂಡಿಕ್ಕಿ ಕೊಲ್ಲುತ್ತಾರೆ. ನೇರವಾಗಿ ನುಡಿಯಗೊಡದ ಸತ್ಯಕ್ಕೆ ಭಯಾನಕವು ಮುಸುಕಾಯಿತು. ಮುಸುಕಿನೊಳಗೆ ತನ್ನ ಸಮಾಜದ ಮುಖವನ್ನು ಗುರುತಿಸಿದ ಪ್ರೇಕ್ಷಕನ ನಡುಕವೇ ಈ ಮಾಲೆಗಳ ಬಾಳಿಕೆಯ ಮೂಲವೆನ್ನಬಹುದು.