ಭಾರತದ ಫುಟ್‌ಬಾಲ್: ಗೆದ್ದದ್ದೆಷ್ಟು, ಸೋತದ್ದೆಲ್ಲಿ?

2025ರ ನವೆಂಬರ್ 18ರಂದು ಢಾಕಾದಲ್ಲಿ ಭಾರತದ ಫುಟ್‌ಬಾಲ್ ತಂಡ ಬಾಂಗ್ಲಾದೇಶದ ಎದುರು ಒಂದು ಗೋಲಿನಿಂದ ಸೋತಿತು. ಬಾಂಗ್ಲಾದೇಶ ಭಾರತವನ್ನು ಸೋಲಿಸಿ ಆಗಲೇ 22 ವರ್ಷಗಳಾಗಿದ್ದವು. ಅದಕ್ಕೂ ಒಂದು ತಿಂಗಳ ಹಿಂದೆಯೇ 2027ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯುವ ಅವಕಾಶ ಕೈತಪ್ಪಿ ಹೋಗಿತ್ತು. ಢಾಕಾ ಸೋಲಿನ ನಂತರ ವಿಶ್ವ ಕ್ರಮಾಂಕದಲ್ಲಿ ಭಾರತ 142ನೆಯ ಸ್ಥಾನಕ್ಕೆ ಜಾರಿತು.

ಇಂಥ ಸುದ್ದಿ ಬಂದಾಗಲೆಲ್ಲ ಹಳಬರು ಎರಡು ಮಾತುಗಳನ್ನು ಆಡುತ್ತಾರೆ. ಒಂದು, ಭಾರತ ಒಂದು ಕಾಲದಲ್ಲಿ ಏಷ್ಯಾದ ಚಾಂಪಿಯನ್ ಆಗಿತ್ತು. ಎರಡು, ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ನಾವು 1950ರ ವಿಶ್ವ ಕಪ್‌ಗೇ ಹೋಗಲಿಲ್ಲ. ಮೊದಲ ಮಾತು ನಿಜ. ಎರಡನೆಯದು ಅರ್ಧ ಸತ್ಯವೂ ಅಲ್ಲ. ಆದರೆ ಇವೆರಡನ್ನೂ ಒಟ್ಟಿಗೆ ಬಿಡಿಸಿ ನೋಡದೆ ಈ ತಂಡದ ದಾಖಲೆ ಅರ್ಥವಾಗುವುದಿಲ್ಲ.

ಬರಿಗಾಲಿನ ಆಟದ ಹಿಂದೆ ಒಂದು ಹೆಮ್ಮೆಯಿತ್ತು. 1911ರ ಜುಲೈ 29ರಂದು ಕಲ್ಕತ್ತದಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಸೈನಿಕರನ್ನು 2–1ರಿಂದ ಸೋಲಿಸಿ ಐಎಫ್‌ಎ ಷೀಲ್ಡ್ ಗೆದ್ದಾಗ, ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವರು ಒಬ್ಬರೇ. ಬೂಟಿನ ದೊರೆಗಳನ್ನು ಬರಿಗಾಲಿನ ಪ್ರಜೆಗಳು ಮಣಿಸಿದ ಆ ಸಂಜೆಯ ನೆನಪು ಆಟಗಾರರ ಕಾಲಿಗೆ ಬಹುಕಾಲ ಅಂಟಿಕೊಂಡಿತು. 1948ರಲ್ಲಿ ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಹೆಚ್ಚಿನವರು ಆಡಿದ್ದು ಬರಿಗಾಲಲ್ಲೇ. ಫ್ರಾನ್ಸ್ ಎದುರು ಸೋತದ್ದು 2–1ರಿಂದ. ಅದೂ ಎರಡು ಪೆನಾಲ್ಟಿ ಕಿಕ್‌ಗಳನ್ನು ಕಳೆದುಕೊಂಡು! ಆ ದಿನ ಭಾರತದ ಏಕೈಕ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು.

1950ರ ವಿಶ್ವ ಕಪ್ ಕತೆ ಬೇರೆಯೇ. ಬ್ರೆಜಿಲ್‌ನಲ್ಲಿ ನಡೆದ ಆ ಟೂರ್ನಿಗೆ ಭಾರತ ಒಂದು ಪಂದ್ಯವನ್ನೂ ಆಡದೆ ಆಯ್ಕೆಯಾಗಿತ್ತು. ಗುಂಪಿನಲ್ಲಿದ್ದ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದಿದ್ದವು. ಇಟಲಿ, ಸ್ವೀಡನ್, ಪರಾಗ್ವೆಗಳ ಜೊತೆ ಭಾರತದ ಹೆಸರೂ ಪಟ್ಟಿಯಲ್ಲಿ ಅಚ್ಚಾಯಿತು. ಪ್ರಯಾಣದ ವೆಚ್ಚದಲ್ಲಿ ದೊಡ್ಡ ಪಾಲು ಕೊಡಲು ಆತಿಥೇಯರು ಸಿದ್ಧರಿದ್ದರು. ಆದರೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಂಡವನ್ನು ಕಳಿಸಲಿಲ್ಲ. ಅಭ್ಯಾಸಕ್ಕೆ ಸಮಯವಿಲ್ಲ, ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ ಎಂಬ ಕಾರಣಗಳು ಮುಂದೆ ಬಂದವು. ಅಸಲು ಸಂಗತಿಯೆಂದರೆ, ಆಗಿನ ಅಧಿಕಾರಿಗಳ ಕಣ್ಣಿಗೆ ಒಲಿಂಪಿಕ್ಸ್ ಬಿಟ್ಟರೆ ಮತ್ತೊಂದು ಕಾಣುತ್ತಿರಲಿಲ್ಲ. ಬರಿಗಾಲು ಕಾರಣವಲ್ಲ ಎಂದು ಆ ತಂಡದ ನಾಯಕನಾಗಬೇಕಿದ್ದ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದರು. ಆದರೆ ಬರಿಗಾಲಿನ ಕತೆ ಕೇಳಲು ಚೆನ್ನ. ಅದರಲ್ಲಿ ತಪ್ಪು ಬೇರೆಯವರದಾಗುತ್ತದೆ.

ಬೂಟಿನ ಪ್ರಶ್ನೆಯನ್ನು ಕೊನೆಗೆ ಇತ್ಯರ್ಥ ಮಾಡಿದ್ದು ಹೆಲ್ಸಿಂಕಿಯ ಚಳಿ. 1952ರ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತಕ್ಕೆ ಹತ್ತು ಗೋಲು ಹೊಡೆಯಿತು. ಪಂದ್ಯ ಮುಗಿಯಲು ನಿಮಿಷವಿರುವಾಗ ಭಾರತದ ಪರ ಒಂದು ಗೋಲು ಬಂತು. ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಚೆಂಡನ್ನು ಕಾಲಲ್ಲಿ ಆಡಿಸುವ ಪರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಪಡೆದಿದ್ದ ಆಟಗಾರ ಇವರು. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರಲ್ಲಿ ಒಬ್ಬರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು.

ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಜಗತ್ತು 90 ನಿಮಿಷ ಆಡುತ್ತಿದ್ದಾಗ ಭಾರತದೊಳಗಿನ ಪಂದ್ಯಗಳು ಬಹುಕಾಲ 70 ನಿಮಿಷಕ್ಕೇ ಮುಗಿಯುತ್ತಿದ್ದವು. ಕೊನೆಯ 20 ನಿಮಿಷ ಓಡುವ ಅಭ್ಯಾಸವೇ ಇಲ್ಲದ ಕಾಲುಗಳು ವಿದೇಶದಲ್ಲಿ ದಣಿದರೆ ಆಶ್ಚರ್ಯವೇನು? ಬೂಟಿನ ಬಗ್ಗೆ ಇಷ್ಟೆಲ್ಲ ಮಾತಾಡುವವರು ಈ 20 ನಿಮಿಷಗಳ ಬಗ್ಗೆ ಮಾತಾಡುವುದು ಕಡಿಮೆ.

ಇದೆಲ್ಲ ಇದ್ದೂ ಮುಂದಿನ ಹತ್ತು ವರ್ಷಗಳನ್ನು ಸುವರ್ಣಯುಗ ಎನ್ನಲು ಮುಖ್ಯ ಕಾರಣ ಒಬ್ಬ ವ್ಯಕ್ತಿ. ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಂ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಮೇವಾಲಾಲ್ ಗೋಲಿನಿಂದ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದಾಗಲೂ ತಂಡದ ತರಬೇತುದಾರ ಅವರೇ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದು ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿದರು. ಏಷ್ಯಾದ ತಂಡವೊಂದು ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ್ದು ಅದೇ ಮೊದಲು. ಅಲ್ಲಿ ಮತ್ತೆ ಎದುರಾದದ್ದು ಯುಗೊಸ್ಲಾವಿಯಾ. ಭಾರತ ಮೊದಲು ಗೋಲು ಹೊಡೆದು ಮುಂದಿತ್ತು! ಕೊನೆಗೆ 4–1ರಿಂದ ಸೋತು, ಬಲ್ಗೇರಿಯಾಕ್ಕೂ ಸೋತು, ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಮುಂದೆ ರೋಮ್ ಒಲಿಂಪಿಕ್ಸ್‌ನಲ್ಲೂ ಆಡಿದರು.

ಆದರೆ ಮೆಲ್ಬರ್ನ್‌ನ ಈ ನಾಲ್ಕನೆಯ ಸ್ಥಾನದ ಲೆಕ್ಕವನ್ನು ಕೂಡಿ ಕಳೆದು ನೋಡಿದರೆ ಭಾರತ ಆಡಿ ಗೆದ್ದದ್ದು ಒಂದೇ ಪಂದ್ಯ. ಮೊದಲ ಸುತ್ತಿನಲ್ಲಿ ಹಂಗರಿ ಕಣಕ್ಕೆ ಇಳಿಯಲೇ ಇಲ್ಲ. ಇದು ಆಟಗಾರರನ್ನು ಹಗುರ ಮಾಡುವ ಮಾತಲ್ಲ. ನಾಲ್ಕೇ ವರ್ಷ ಹಿಂದೆ ಹತ್ತು ಗೋಲು ಹೊಡೆದಿದ್ದ ತಂಡದ ವಿರುದ್ಧ ಸ್ವಲ್ಪ ಹೊತ್ತಾದರೂ ಮುಂದಿದ್ದದ್ದು ಸಣ್ಣ ಸಾಧನೆಯಲ್ಲ. ಆದರೆ ಸುವರ್ಣಯುಗವೂ ನಾವು ನೆನೆಯುವಷ್ಟು ದೊಡ್ಡದಾಗಿರಲಿಲ್ಲ. 1954ರ ಮನಿಲಾ ಏಷ್ಯನ್ ಕ್ರೀಡಾಕೂಟದಲ್ಲಿ ಗುಂಪಿನ ಹಂತವನ್ನೇ ದಾಟಿರಲಿಲ್ಲ. 1964ರ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ ಬಂತು ನಿಜ, ಆದರೆ ಅಲ್ಲಿ ಆಡಿದ್ದೇ ನಾಲ್ಕು ತಂಡಗಳು.

ಯಾವ ಲೆಕ್ಕವೂ ಅಳಿಸಲಾಗದ ಗೆಲುವೆಂದರೆ 1962ರ ಜಕಾರ್ತ. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳನ್ನು ಇಂಡೊನೇಷ್ಯಾ ಹೊರಗಿಟ್ಟದ್ದನ್ನು ಭಾರತದ ಕ್ರೀಡಾ ಮುಖಂಡ ಗುರುದತ್ ಸೋಂಧಿ ಟೀಕಿಸಿದ್ದರಿಂದ ಊರೇ ಭಾರತೀಯರ ಮೇಲೆ ಕೆರಳಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಭಾರತವನ್ನು 2–0ಯಿಂದ ಸೋಲಿಸಿತು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡರು. ರಹೀಂ ಅವರನ್ನು ಆಗಲೇ ಕ್ಯಾನ್ಸರ್ ಹಿಡಿದಿತ್ತು. ಗಾಯಗೊಂಡ ಜರ್ನೈಲ್ ಅವರನ್ನು ಅವರು ಮುಂಪಡೆಗೆ ತಂದು ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಅದೇ ಕೊರಿಯಾ. ಭಾರತದ ಸ್ಪರ್ಶಕ್ಕೆಲ್ಲ ಕೂಗಾಡುತ್ತಿದ್ದ ಕ್ರೀಡಾಂಗಣದ ನಡುವೆ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. 2–1. ಚುನಿ ಗೋಸ್ವಾಮಿ ನಾಯಕತ್ವದ ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಮರುವರ್ಷ ಜೂನ್‌ನಲ್ಲಿ ರಹೀಂ ತೀರಿಕೊಂಡರು.

ಆ ಕೂಟದಲ್ಲಿ ಭಾರತಕ್ಕೆ 2–0ಯಿಂದ ಸೋತವರ ಪೈಕಿ ಜಪಾನ್ ಒಂದು. ಮುಂದಿನ ಕತೆಯ ಕೀಲಿ ಇರುವುದು ಇಲ್ಲಿ. ಜಪಾನೀಯರು 1960ರಲ್ಲೇ ಜರ್ಮನಿಯ ಡೆಟ್ಮಾರ್ ಕ್ರಾಮರ್ ಅವರನ್ನು ತರಬೇತಿಗೆ ಕರೆಸಿದ್ದರು. 1965ರಲ್ಲಿ ರಾಷ್ಟ್ರೀಯ ಲೀಗ್ ಕಟ್ಟಿದರು. 1968ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. 1993ರಲ್ಲಿ ವೃತ್ತಿಪರ ಲೀಗ್ ಬಂತು, 1998ರಲ್ಲಿ ವಿಶ್ವ ಕಪ್‌ಗೆ ಹೋದರು. ದಕ್ಷಿಣ ಕೊರಿಯಾದ ವೃತ್ತಿಪರ ಲೀಗ್ 1983ರದು. ಭಾರತದಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದದ್ದು 1996ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಕಲ್ಕತ್ತದ ಲೀಗ್, ರೋವರ್ಸ್, ಡ್ಯುರಾಂಡ್, ಸಂತೋಷ್ ಟ್ರೋಫಿ ಎಂದು ಆಟ ಊರೂರಿನ ಜಾತ್ರೆಯಂತೆ ನಡೆಯಿತು. ಜಾತ್ರೆಗೆ ಜನ ಸೇರುತ್ತಿದ್ದರು, ಸಂಭ್ರಮವೂ ಇತ್ತು. ಆಟಗಾರನಿಗೆ ರೈಲ್ವೆಯಲ್ಲೊ, ಬೆಂಗಳೂರಾದರೆ ಐಟಿಐ, ಎಚ್‌ಎಎಲ್‌ಗಳಲ್ಲೊ ಕೆಲಸ ಸಿಕ್ಕರೆ ಬದುಕು ನೆಲೆಯಾಯಿತು. ಏಷ್ಯಾದ ಉಳಿದವರು ವರ್ಷವಿಡೀ ಆಟವನ್ನೇ ಕಸುಬು ಮಾಡಿಕೊಂಡಾಗ ಈ ವ್ಯವಸ್ಥೆಗೆ ಉಸಿರು ಸಾಲಲಿಲ್ಲ.

1970ರ ಬ್ಯಾಂಕಾಕ್ ಕಂಚಿನ ಪದಕವೇ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತದ ಕೊನೆಯ ಪದಕವಾಗಿ ಉಳಿದಿದೆ. 1974ರಲ್ಲಿ ಕಿರಿಯರ ತಂಡ ಇರಾನ್ ಜೊತೆ ಏಷ್ಯಾ ಯುವ ಪ್ರಶಸ್ತಿ ಹಂಚಿಕೊಂಡಿತು. ಆ ಪೀಳಿಗೆಯನ್ನು ಬೆಳೆಸಿಕೊಳ್ಳುವ ಯೋಚನೆ ಯಾರಿಗೂ ಬರಲಿಲ್ಲ. ವಿಶ್ವ ಕಪ್ ಅರ್ಹತಾ ಪಂದ್ಯವನ್ನು ಭಾರತ ಮೊದಲು ಆಡಿದ್ದು 1985ರಲ್ಲಿ. 1950ರಲ್ಲಿ ತಾನಾಗಿ ತೆರೆದಿದ್ದ ಬಾಗಿಲನ್ನು 35 ವರ್ಷಗಳ ನಂತರ ತಟ್ಟಿದ ಹಾಗಾಯಿತು.

ಬಾಗಿಲು ಅತಿ ಹತ್ತಿರ ಬಂದದ್ದು ಬೆಂಗಳೂರಿನಲ್ಲಿ ಎಂಬುದು ಹಲವರಿಗೆ ಮರೆತಿರಬಹುದು. 2001ರ ಏಪ್ರಿಲ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಯುಎಇಯನ್ನು 1–0ಯಿಂದ ಸೋಲಿಸಿತು. ಯೆಮೆನ್ ಎದುರಿನ ಎರಡೂ ಪಂದ್ಯಗಳು ಸಮನಾದವು. ಗುಂಪಿನ ಕೊನೆಗೆ ಯುಎಇಗೆ 12 ಅಂಕ, ಭಾರತಕ್ಕೆ 11. ಆ ಒಂದು ಅಂಕದಿಂದ ಮುಂದಿನ ಸುತ್ತು ತಪ್ಪಿತು. ಮೂರೇ ವರ್ಷದಲ್ಲಿ, 2004ರಲ್ಲಿ, ಸೈತಾಮಾದಲ್ಲಿ ಜಪಾನ್ ಏಳು ಗೋಲು ಹೊಡೆದು ಜಕಾರ್ತದ ಸಾಲವನ್ನು ಬಡ್ಡಿ ಸಮೇತ ತೀರಿಸಿತು.

ನಂತರದ ಎರಡು ದಶಕಗಳ ಏರಿಳಿತವೆಲ್ಲ ಸುನಿಲ್ ಚೆಟ್ರಿ ಎಂಬ ಒಬ್ಬ ಆಟಗಾರನ ಸುತ್ತ ತಿರುಗುತ್ತದೆ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಅವರು ಹೊಡೆದ ಮೂರು ಗೋಲುಗಳೇ 27 ವರ್ಷಗಳ ನಂತರ, 2011ರಲ್ಲಿ, ಭಾರತವನ್ನು ಏಷ್ಯಾ ಕಪ್‌ಗೆ ಕರೆದೊಯ್ದವು. ಅಲ್ಲಿ ಮೂರು ಪಂದ್ಯಗಳಲ್ಲಿ ಹದಿಮೂರು ಗೋಲು ಬಿಟ್ಟುಕೊಟ್ಟೆವು. 2015ರ ಮಾರ್ಚ್‌ನಲ್ಲಿ ಕ್ರಮಾಂಕ 173ಕ್ಕೆ ಕುಸಿಯಿತು. ಅದೇ ಜೂನ್‌ನಲ್ಲಿ ಎರಡು ಲಕ್ಷ ಜನರೂ ಇಲ್ಲದ ಗುವಾಮ್ ದ್ವೀಪ ಭಾರತವನ್ನು ಸೋಲಿಸಿತು. 2019ರ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡನ್ನು 4–1ರಿಂದ ಸೋಲಿಸಿದ ತಂಡ, ಡ್ರಾ ಸಾಕಿದ್ದ ಬಹರೇನ್ ಪಂದ್ಯದಲ್ಲಿ 90 ನಿಮಿಷ ಕಳೆದ ಮೇಲೆ ಒಂದು ಪೆನಾಲ್ಟಿ ಕೊಟ್ಟು ಮನೆಗೆ ಬಂತು. 70 ನಿಮಿಷದ ಕಾಲದ ಶಾಪ ಇನ್ನೂ ಬಿಟ್ಟಿಲ್ಲವೆ ಎಂದು ಯಾರಾದರೂ ಕೇಳಿದ್ದರೆ ತಪ್ಪಿರಲಿಲ್ಲ.

2023ರ ಜುಲೈನಲ್ಲಿ ಕಂಠೀರವದಲ್ಲೇ ಕುವೈತನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಾಗ ಕ್ರಮಾಂಕ ನೂರರೊಳಗೆ ಬಂದಿತ್ತು. ಆರು ತಿಂಗಳಲ್ಲಿ ಎಲ್ಲವೂ ಬದಲಾಯಿತು. 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಮೂರು ಸೋಲು, ಒಂದೂ ಗೋಲಿಲ್ಲ. ಆ ಇಡೀ ವರ್ಷ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಜೂನ್‌ನಲ್ಲಿ 94 ಗೋಲುಗಳೊಂದಿಗೆ ನಿವೃತ್ತರಾಗಿದ್ದ ಚೆಟ್ರಿಯನ್ನು 2025ರ ಮಾರ್ಚ್‌ನಲ್ಲಿ, 40ನೆಯ ವಯಸ್ಸಿನಲ್ಲಿ, ವಾಪಸು ಕರೆತರಬೇಕಾಯಿತು. ಬಂದ ಮೊದಲ ಪಂದ್ಯದಲ್ಲೇ ಅವರು ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರು. ಅದು ಅವರ ಹಿರಿಮೆ. ಆದರೆ ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಇನ್ನೊಬ್ಬ ಗೋಲು ಹೊಡೆಯುವವ ಏಕಿಲ್ಲ? ಕ್ರಿಕೆಟ್ ಮೇಲೆ ತಪ್ಪು ಹೊರಿಸುವುದು ಸುಲಭ. ಕ್ಲಬ್ಬುಗಳು ಮುಂಪಡೆಯ ಜಾಗಗಳನ್ನು ಬಹುಮಟ್ಟಿಗೆ ವಿದೇಶಿ ಆಟಗಾರರಿಗೆ ಮೀಸಲಿಟ್ಟದ್ದನ್ನು ನೋಡಿದರೆ ಉತ್ತರ ಇನ್ನೂ ಹತ್ತಿರದಲ್ಲಿ ಸಿಗುತ್ತದೆ. ಹುಡುಗ ಎಷ್ಟೇ ಚುರುಕಾಗಿದ್ದರೂ ಕ್ಲಬ್ಬಿನಲ್ಲಿ ಅವನು ಗೋಲಿನ ಬದಿಗೆ ಸರಿಯುತ್ತಾನೆ. ರಾಷ್ಟ್ರ ತಂಡದಲ್ಲಿ ಅವನೇ ಗೋಲು ಹೊಡೆಯಬೇಕು. ಆ ಲೀಗ್ ಕೂಡ ಒಪ್ಪಂದದ ಬಿಕ್ಕಟ್ಟಿನಲ್ಲಿ ಸಿಲುಕಿ 2025ರಲ್ಲಿ ಸಕಾಲಕ್ಕೆ ಆರಂಭವಾಗಲಿಲ್ಲ.

2025ರ ಅಕ್ಟೋಬರ್ 14ರಂದು ಗೋವಾದ ಫತೋರ್ಡಾದಲ್ಲಿ ಲಾಲಿಯನ್‌ಜುವಾಲಾ ಚಾಂಗ್ಟೆ ಗೋಲಿನಿಂದ ಮುಂದಿದ್ದ ಭಾರತ, ಸಿಂಗಪುರಕ್ಕೆ 2–1ರಿಂದ ಸೋತು ಏಷ್ಯಾ ಕಪ್ ಹಾದಿಯಿಂದ ಹೊರಬಿತ್ತು. ಸಿಂಗಪುರ ಅದಕ್ಕೂ ಮೊದಲು ಆ ಕಪ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, 1984ರಲ್ಲಿ, ಅದೂ ಆತಿಥೇಯ ಎಂಬ ಕಾರಣಕ್ಕೆ. ಢಾಕಾದಲ್ಲಿ ಭಾರತ ಸೋತ ನವೆಂಬರ್ 18ರಂದೇ ಅದು ಹಾಂಗ್‌ಕಾಂಗ್‌ನಲ್ಲಿ 2–1ರಿಂದ ಗೆದ್ದು, ಮೊದಲ ಬಾರಿಗೆ ಆಡಿ ಗೆದ್ದ ಅರ್ಹತೆಯ ಮೇಲೆ ಏಷ್ಯಾ ಕಪ್ ಪ್ರವೇಶಿಸಿತು.