ಎರಡನೆಯ ಹೆಸರು: 'ವಿಕ್ಟೋರಿಯಾ'ದಿಂದ 'ಅನಸ್ತಾಸಿಸ್'ವರೆಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಸೇವೆ ಸಲ್ಲಿಸುವ ನಮಗೆ ಕಡಲು ದೂರ, ಕಬ್ಬಿಣ ಹತ್ತಿರ. ಗಿಣಿಗೇರಿಯ ಸುತ್ತಲಿನ ಉಕ್ಕಿನ ಕಾರ್ಖಾನೆಗಳನ್ನು ದಾಟಿಯೇ ನಮ್ಮಲ್ಲಿ ಅನೇಕರು ಧರ್ಮಕೇಂದ್ರಗಳಿಗೆ ತೆರಳುತ್ತೇವೆ. ಆದರೂ ಹೊಸ ಒಡೆಯರ ಕೈಸೇರಿದ ಒಂದು ಮುದಿ ಹಡಗಿನ ಚರಿತ್ರೆ ನಮ್ಮ ಗಮನಕ್ಕೆ ಅರ್ಹವೆನಿಸುತ್ತದೆ. ಏಕೆಂದರೆ ಅದಕ್ಕೆ ಇಟ್ಟ ಎರಡನೆಯ ಹೆಸರು ನಮ್ಮ ವಿಶ್ವಾಸದ ಕೇಂದ್ರಪದವೇ ಆಗಿದೆ.

1953ರಲ್ಲಿ ಇಟಲಿಯ ಲಾಯ್ಡ್ ತ್ರಿಯೆಸ್ತಿನೋ ಸಂಸ್ಥೆಯು 'ಏಷ್ಯಾ' ಮತ್ತು 'ವಿಕ್ಟೋರಿಯಾ' ಎಂಬ ಎರಡು ಸೋದರಿ ಹಡಗುಗಳನ್ನು ಯಾನಕ್ಕೆ ಇಳಿಸಿತು. ಅವು ಇಟಲಿಯಿಂದ ಸುಯೆಜ್ ಕಾಲುವೆಯ ಮೂಲಕ ಕರಾಚಿ, ಮುಂಬಯಿ, ಕೊಲಂಬೊಗಳನ್ನು ಹಾದು ಹಾಂಗ್‌ಕಾಂಗ್ ತಲಪುತ್ತಿದ್ದವು. ದಖ್ಖಣದಿಂದ ರೋಮಿಗೆ ಹೋಗಬೇಕಾದವರಿಗೆ ಮುಂಬಯಿಯೇ ಬಾಗಿಲಾಗಿದ್ದ ಕಾಲವದು. 1967ರಲ್ಲಿ ಸುಯೆಜ್ ಮುಚ್ಚಿತು. ಅದು ಮತ್ತೆ ತೆರೆಯುವಷ್ಟರಲ್ಲಿ, 1975ರ ವೇಳೆಗೆ, ಪ್ರಯಾಣಿಕರು ವಿಮಾನವೇರಿದ್ದರು. ಹಡಗುಗಳ ಒಡಲು ಗಟ್ಟಿಯಾಗಿಯೇ ಇತ್ತು, ಅವುಗಳನ್ನು ಕಟ್ಟಿದ ಉದ್ದೇಶ ಮಾತ್ರ ತೀರಿಹೋಗಿತ್ತು.

ಇಂಥ ಹಡಗುಗಳಿಗೆ ಹೊಸ ಒಡೆಯರು ದೊರೆಯುವುದು ಅಪರೂಪವೇನಲ್ಲ. ಮುಂಬಯಿಯಿಂದ ಪೂರ್ವ ಆಫ್ರಿಕಕ್ಕೆ ಸಾಗುತ್ತಿದ್ದ 'ಕಾರಂಜಾ' 1976ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದ ಪಾಲಾಗಿ, 'ನಾನ್‌ಕೌರಿ' ಎಂಬ ಹೆಸರಿನಿಂದ ಅಂಡಮಾನಿನ ಜನರನ್ನು ಸಾಗಿಸಿತು. ಆದರೆ ಇಟಲಿಯ ಸೋದರಿಯರಿಬ್ಬರ ಹಣೆಬರಹ ಇನ್ನೂ ವಿಚಿತ್ರವಾದುದು. 'ಏಷ್ಯಾ'ವನ್ನು ಲೆಬನಾನಿನ ವ್ಯಾಪಾರಿಯೊಬ್ಬರು ಕೊಂಡು, 'ಪರ್ಷಿಯಾ' ಎಂದು ಹೆಸರಿಟ್ಟು, ಜೀವಂತ ಜಾನುವಾರುಗಳನ್ನು ಒಯ್ಯುವ ಹಡಗನ್ನಾಗಿ ಮಾರ್ಪಡಿಸಿದರು. ಯಾತ್ರಿಕರು ಊಟಕ್ಕೆ ಕುಳಿತಿದ್ದ ಹಡಗು ಕುರಿಗಳಿಂದ ತುಂಬಿತು.

'ವಿಕ್ಟೋರಿಯಾ'ವನ್ನು 1978ರಲ್ಲಿ ಯೂತ್ ವಿತ್ ಎ ಮಿಷನ್ ಎಂಬ ಕ್ರೈಸ್ತ ಸಂಘಟನೆಯು ಕೊಂಡಿತು. ಡಾನ್ ಸ್ಟೀಫನ್ಸ್ ಅವರ ನೇತೃತ್ವದಲ್ಲಿ ಅಲ್ಲಿಂದಲೇ 'ಮರ್ಸಿ ಶಿಪ್ಸ್' ಸೇವೆ ಹುಟ್ಟಿತು. ಹಡಗಿಗೆ ಇಟ್ಟ ಹೆಸರು 'ಅನಸ್ತಾಸಿಸ್': ಗ್ರೀಕಿನಲ್ಲಿ ಪುನರುತ್ಥಾನ. ಗ್ರೀಸಿನ ಕರಾವಳಿಯಲ್ಲಿ ವರ್ಷಗಟ್ಟಲೆ ದುರಸ್ತಿ ನಡೆದು, 1982ರಲ್ಲಿ ಅದು ಮತ್ತೆ ಯಾನ ಹೊರಟಿತು. 159 ಮೀಟರ್ ಉದ್ದದ ಆ ಒಡಲೊಳಗೆ ಮೂರು ಶಸ್ತ್ರಚಿಕಿತ್ಸಾ ಕೊಠಡಿಗಳು, ದಂತ ಚಿಕಿತ್ಸಾಲಯ, ಎಕ್ಸ್-ರೇ ಘಟಕ, 40 ಹಾಸಿಗೆಗಳು ಸಿದ್ಧವಾದವು. ವೇತನವಿಲ್ಲದ ಸ್ವಯಂಸೇವಕರು ಅದನ್ನು ನಡೆಸಿದರು. ಮುಂದೆ ಪಶ್ಚಿಮ ಆಫ್ರಿಕದ ಬಂದರುಗಳಲ್ಲಿ ಸೀಳುತುಟಿಯ ಮಕ್ಕಳಿಗೂ ಕಣ್ಣಿನ ಪೊರೆಯಿಂದ ದೃಷ್ಟಿ ಕಳೆದುಕೊಂಡ ವೃದ್ಧರಿಗೂ ಅದು ಆಸ್ಪತ್ರೆಯಾಯಿತು.

ಇಲ್ಲಿಗೆ ನಿಲ್ಲಿಸಿದರೆ ಪಾಸ್ಕ ಕಾಲದ ಪ್ರಬೋಧನೆಗೆ ಸೊಗಸಾದ ಉದಾಹರಣೆ ದೊರೆಯುತ್ತದೆ. ಆದರೆ ಚರಿತ್ರೆ ಇಲ್ಲಿಗೆ ನಿಲ್ಲುವುದಿಲ್ಲ. 2007ರಲ್ಲಿ, 'ಆಫ್ರಿಕಾ ಮರ್ಸಿ' ಎಂಬ ಹಡಗು ಅದರ ಸ್ಥಾನಕ್ಕೆ ಬಂದಾಗ, 'ಅನಸ್ತಾಸಿಸ್' ಭಾರತಕ್ಕೆ ಮರಳಿತು. ಈ ಸಲ ಮುಂಬಯಿಗಲ್ಲ, ಗುಜರಾತಿನ ಅಲಂಗ್ ಕಡಲತೀರಕ್ಕೆ. ಅಲ್ಲಿ ಭರತದ ನೀರಿನಲ್ಲಿ ಹಡಗನ್ನು ದಡಕ್ಕೆ ನುಗ್ಗಿಸಿ, ಗ್ಯಾಸ್ ಕಟರ್‌ಗಳಿಂದ ತುಂಡರಿಸುತ್ತಾರೆ. 'ಪುನರುತ್ಥಾನ'ವೆಂಬ ಹೆಸರಿನ ಹಡಗೂ ಹಾಗೆಯೇ ಗುಜರಿಯಾಯಿತು.

ಈ ಅಂತ್ಯವನ್ನು ನಾವು ಮುಜುಗರದಿಂದ ಮರೆಮಾಡಬೇಕಿಲ್ಲ. ಸಂತ ತೋಮಸ್ ಅಕ್ವಿನಾಸರು 'ಸುಮ್ಮಾ ಥಿಯೊಲಾಜಿಯೇ'ಯ ತೃತೀಯ ಭಾಗದ 53ನೆಯ ಪ್ರಶ್ನೆಯಲ್ಲಿ ಎರಡು ಬಗೆಯ ಪುನರುತ್ಥಾನಗಳನ್ನು ವಿಂಗಡಿಸುತ್ತಾರೆ. ಲಾಸರನು ಸಾವಿನಿಂದ ಎದ್ದನು, ಆದರೆ ಮತ್ತೆ ಸಾಯಬೇಕಾದವನಾಗಿಯೇ ಎದ್ದನು, ಅದು ಅಪೂರ್ಣ. ಕ್ರಿಸ್ತರು ಸಾವಿನ ಅಧೀನತೆಯಿಂದಲೇ ಬಿಡುಗಡೆಗೊಂಡು ಎದ್ದರು, ಅದು ಪರಿಪೂರ್ಣ. ಈ ವಿಂಗಡಣೆಯ ಬೆಳಕಿನಲ್ಲಿ ನಮ್ಮ ಹಡಗು ಲಾಸರನ ಸಾಲಿನದು. ಹಾಗೆಂದು ಲಾಸರನಿಗೆ ದೊರೆತ ಎರಡನೆಯ ಆಯುಷ್ಯ ಸುಳ್ಳಾಗುವುದಿಲ್ಲ. ಬೆಥಾನಿಯ ಮನೆಯಲ್ಲಿ ಅವನು ಪ್ರಭುವಿನೊಡನೆ ಊಟಕ್ಕೆ ಕುಳಿತದ್ದು ನಿಜ. ಹಾಗೆಯೇ ಆ ಹಡಗಿನಲ್ಲಿ ಕಣ್ಣು ಪಡೆದವರು ನಿಜವಾಗಿ ಕಂಡರು.

ಈ ವಿವೇಚನೆ ನಮಗೆ ಬರಿಯ ಪಾಠವಲ್ಲ. ಹಿಂದಿನವರು ಕಟ್ಟಿದ ಶಾಲೆ, ಚಿಕಿತ್ಸಾಲಯ, ವಸತಿನಿಲಯಗಳು ನಮ್ಮ ಕೈಗೆ ಬಂದಿವೆ. ಕೆಲವು ಇಂದು ಅರ್ಧ ಖಾಲಿಯಾಗಿವೆ. ಹೊಸ ನಾಮಫಲಕ ತೂಗುಹಾಕಿ, ಆಶೀರ್ವದಿಸಿ, ಅದನ್ನೇ ನವಜೀವವೆಂದು ಸಾರುವ ಆಸೆ ನಮಗೂ ಬರುತ್ತದೆ. 'ಪರ್ಷಿಯಾ'ಕ್ಕೂ ಹೊಸ ಹೆಸರು ಇತ್ತೆಂಬುದನ್ನು ಆಗ ನೆನೆಯಬೇಕು. ಸೋದರಿಯರನ್ನು ಬೇರೆಯಾಗಿಸಿದ್ದು ಒಳಗೆ ಯಾರಿಗೆ ಹಾಸಿಗೆ ಹಾಸಿದರೆಂಬುದು. ಇನ್ನು ಕಟ್ಟಡವನ್ನು ಬಿಟ್ಟುಕೊಡುವ ದಿನ ಬಂದರೆ, ಅದನ್ನು ವಿಶ್ವಾಸದ ಸೋಲೆಂದು ಎಣಿಸಬೇಕಾಗಿಲ್ಲ. ನಮ್ಮ ಭರವಸೆ ಪರಿಪೂರ್ಣ ಪುನರುತ್ಥಾನದಲ್ಲಿದೆ, ಗೋಡೆಗಳ ದೀರ್ಘಾಯುಷ್ಯದಲ್ಲಿಲ್ಲ.

ಅಲಂಗ್‌ನಲ್ಲಿ ಕತ್ತರಿಸಿದ ತಗಡುಗಳು ರೋಲಿಂಗ್ ಮಿಲ್ಲುಗಳಿಗೆ ಹೋಗಿ ಕಟ್ಟಡದ ಸರಳುಗಳಾಗುತ್ತವೆ. ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕೂಲಿಗಳು ಪ್ರಾಣವನ್ನೇ ಪಣವಾಗಿಟ್ಟು ಅವನ್ನು ಕತ್ತರಿಸುತ್ತಾರೆ. ಹಡಗಿನ ಮೂರನೆಯ ಬಾಳಿಗೆ ಹೆಸರಿಲ್ಲ; ಅದನ್ನು ಹೊತ್ತು ತಂದ ಕೈಗಳಿಗೆ ಹೆಸರುಂಟು. ದೇಹದ ಪುನರುತ್ಥಾನವನ್ನು ನಂಬುವ ನಾವು ಆ ಕೈಗಳ ಕುರಿತು ಮೊದಲು ವಿಚಾರಿಸಬೇಕು.