ಶಾಲಾ ವಾಕ್ ಚಿಕಿತ್ಸೆಯಲ್ಲಿ ಡಿಜಿಟಲ್ ಸಂಪನ್ಮೂಲಗಳು

ಉಚ್ಚಾರ ದೋಷ, ಉಗ್ಗು, ಭಾಷಾ ವಿಳಂಬ, ಶ್ರವಣದೋಷ ಮೊದಲಾದ ತೊಂದರೆಗಳಿರುವ ವಿದ್ಯಾರ್ಥಿಗಳ ಮಾತನ್ನು ತಿದ್ದಲು ಹಾಗೂ ಬೆಳೆಸಲು ಬಳಸುವ ಧ್ವನಿಮುದ್ರಣ, ಧ್ವನಿ ವಿಶ್ಲೇಷಣಾ ತಂತ್ರಾಂಶ, ಚಿತ್ರಾಧಾರಿತ ಆ್ಯಪ್, ವಿಡಿಯೊ ಕರೆ ಮುಂತಾದವುಗಳನ್ನು ಶಾಲಾ ವಾಕ್ ಚಿಕಿತ್ಸೆಯ ಡಿಜಿಟಲ್ ಸಂಪನ್ಮೂಲಗಳು ಎನ್ನಲಾಗುತ್ತದೆ. ಇವುಗಳಲ್ಲಿ ಬಹುಪಾಲು ಇಂಗ್ಲಿಷ್ ಭಾಷೆಗಾಗಿ ರೂಪುಗೊಂಡವು. ಆದ್ದರಿಂದ ಕನ್ನಡವನ್ನಾಡುವ ಮಗುವಿಗೆ ಇವನ್ನು ಹೊಂದಿಸಿಕೊಳ್ಳುವ ಬಗೆ ಯಾವುದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಹಿನ್ನೆಲೆ

ಭಾರತದಲ್ಲಿ ಈ ಕ್ಷೇತ್ರದ ಶಿಕ್ಷಣ ಹಾಗೂ ಸಂಶೋಧನೆಗೆ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನಲ್ಲಿ 1965ರಲ್ಲಿ ಆರಂಭವಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಆದರೆ ಕಾಯ್ದೆಯ ಹಲವು ಸೌಲಭ್ಯಗಳು ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದ್ದವರಿಗೆ ಮಾತ್ರ ದೊರೆಯುತ್ತವೆ. ಒಂದೆರಡು ಅಕ್ಷರಗಳಲ್ಲಿ ಎಡವುವ ಮಗು ಸಾಮಾನ್ಯವಾಗಿ ಈ ಮಿತಿಯೊಳಗೆ ಬರುವುದಿಲ್ಲ. ಅಂಥ ಮಗುವಿನ ಪಾಲಿಗೆ ಉಳಿಯುವುದು ತರಗತಿಯ ಶಿಕ್ಷಕರು, ಮನೆಯವರು ಮತ್ತು ಅವರ ಕೈಯಲ್ಲಿರುವ ಮೊಬೈಲ್ ಫೋನ್.

ಕಿವಿಗೆ ಕೇಳದ್ದನ್ನು ಕಣ್ಣಿಗೆ ತೋರಿಸುವುದು

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಹಾಗೂ ಡೇವಿಡ್ ವೇನಿಂಕ್ ಅವರು ರೂಪಿಸಿದ ‘ಪ್ರಾಟ್’ ಎಂಬ ಉಚಿತ ತಂತ್ರಾಂಶವು ಮಾತನ್ನು ಚಿತ್ರರೂಪದಲ್ಲಿ ಪರದೆಯ ಮೇಲೆ ಮೂಡಿಸುತ್ತದೆ. ಶ್ರವಣದೋಷವುಳ್ಳ ಮಗುವಿಗೆ ಇದರ ಉಪಯೋಗ ದೊಡ್ಡದು. ‘ಪಡಿ’, ‘ಬಡಿ’, ‘ಮಡಿ’ ಎಂಬ ಮೂರು ಪದಗಳನ್ನು ಹೇಳುವಾಗ ತುಟಿಗಳ ಚಲನೆ ಒಂದೇ ಆಗಿರುವುದರಿಂದ, ತುಟಿ ನೋಡಿ ಮಾತು ಗ್ರಹಿಸುವ ಮಗುವಿಗೆ ಇವು ಬೇರೆಬೇರೆಯಾಗಿ ಕಾಣುವುದಿಲ್ಲ. ‘ಬ’ಕಾರದಲ್ಲಿ ತುಟಿ ತೆರೆಯುವ ಮೊದಲೇ ಗಂಟಲಿನ ಕಂಪನ ಆರಂಭವಾಗಿರುತ್ತದೆ, ‘ಪ’ಕಾರದಲ್ಲಿ ಆ ಜಾಗ ಖಾಲಿ. ಈ ವ್ಯತ್ಯಾಸವು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಮಗು ತನ್ನ ಚಿತ್ರವನ್ನು ಚಿಕಿತ್ಸಕರ ಚಿತ್ರದೊಡನೆ ಹೋಲಿಸಿ ಮತ್ತೆ ಪ್ರಯತ್ನಿಸಬಹುದು.

ಕನ್ನಡದ ಧ್ವನಿಗಳು ಮತ್ತು ಸಿದ್ಧ ಸಾಮಗ್ರಿ

ಇಂಗ್ಲಿಷ್ ಆ್ಯಪ್‌ಗಳ ಪದಪಟ್ಟಿಯನ್ನು ಹಾಗೆಯೇ ಕನ್ನಡಕ್ಕೆ ಅನುವಾದಿಸಿಕೊಳ್ಳುವುದು ನಿಷ್ಪ್ರಯೋಜಕ. ಚಿತ್ರದ ಅರ್ಥ ಅನುವಾದವಾಗುತ್ತದೆ, ಅಭ್ಯಾಸಕ್ಕೆ ಬೇಕಾದ ಧ್ವನಿ ಕಳೆದುಹೋಗುತ್ತದೆ. ಇಂಗ್ಲಿಷಿನಲ್ಲಿ ‘ಲ’ಕಾರ–‘ಳ’ಕಾರಗಳ ಭೇದವಿಲ್ಲ, ಕನ್ನಡದಲ್ಲಿ ‘ಬಲೆ–ಬಳೆ’, ‘ಹುಲಿ–ಹುಳಿ’, ‘ಹಲ್ಲಿ–ಹಳ್ಳಿ’ ಜೋಡಿಗಳಲ್ಲಿ ಅರ್ಥವೇ ಬದಲಾಗುತ್ತದೆ. ‘ಹಳಿ–ಹಳ್ಳಿ’, ‘ಕತೆ–ಕತ್ತೆ’ಗಳಲ್ಲಿ ದ್ವಿತ್ವವು ಅರ್ಥವನ್ನು ನಿರ್ಣಯಿಸುತ್ತದೆ. ಇಂಥ ಜೋಡಿಗಳ ಚಿತ್ರಗಳನ್ನು ಶಿಕ್ಷಕರೇ ಸ್ಲೈಡ್‌ಗಳಾಗಿ ಜೋಡಿಸಿ, ತಮ್ಮ ಧ್ವನಿಯನ್ನು ಸೇರಿಸಿಕೊಂಡರೆ ದುಬಾರಿ ಆ್ಯಪ್‌ನ ಅಗತ್ಯ ಅಷ್ಟಾಗಿ ಬೀಳದು.

ಪ್ರಾದೇಶಿಕ ನುಡಿಯನ್ನು ದೋಷವೆಂದು ಎಣಿಸದಿರುವುದೂ ಅಷ್ಟೇ ಮುಖ್ಯ. ಉತ್ತರ ಕರ್ನಾಟಕದ ಮಗು ‘ಶಾಲೆ’ಯನ್ನು ‘ಸಾಲಿ’ ಎಂದರೆ, ಹಳೆ ಮೈಸೂರು ಸೀಮೆಯ ಹಳ್ಳಿಯ ಮಗು ‘ಹಾಲು’ ಎನ್ನುವಲ್ಲಿ ‘ಆಲು’ ಎಂದರೆ, ಅದು ಮನೆಯಲ್ಲಿ ಕೇಳಿ ಕಲಿತ ಸಹಜ ನುಡಿ. ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಯಂತ್ರವು ಈ ವಿವೇಚನೆ ಮಾಡಲಾರದು. ಗ್ರಂಥಸ್ಥ ರೂಪವನ್ನೇ ಸರಿಯೆಂದು ಹಿಡಿದು ಉಳಿದುದಕ್ಕೆ ಕೆಂಪು ಗುರುತು ಹಾಕುತ್ತದೆ. ಧ್ವನಿ ಗುರುತಿಸುವ ತಂತ್ರಾಂಶಗಳು ಹೆಚ್ಚಾಗಿ ವಯಸ್ಕರ ಮಾತಿನಿಂದ ತರಬೇತಾಗಿರುವುದರಿಂದ, ಮಕ್ಕಳ ಎತ್ತರದ ಸ್ವರವನ್ನು ತಪ್ಪಾಗಿ ಗ್ರಹಿಸುವುದೂ ಉಂಟು. ಅಂಕ ನೀಡುವ ಆ್ಯಪ್‌ಗಳನ್ನು ಈ ಕಾರಣದಿಂದ ನಂಬಿ ಕೂರಲಾಗದು.

ದೂರ ಚಿಕಿತ್ಸೆ

ಕೋವಿಡ್-19ರ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ವಿಡಿಯೊ ಕರೆಯ ಮೂಲಕ ಚಿಕಿತ್ಸೆ ನೀಡುವ ಪದ್ಧತಿ ವ್ಯಾಪಕವಾಯಿತು. ಚಿಕಿತ್ಸಕರಿಲ್ಲದ ಊರುಗಳಿಗೆ ಇದು ಈಗಲೂ ಅನುಕೂಲ. ಒಂದು ತಾಂತ್ರಿಕ ಮಿತಿಯನ್ನು ಮಾತ್ರ ತಿಳಿದಿರಬೇಕು. ಸಾಂಪ್ರದಾಯಿಕ ದೂರವಾಣಿ ಕರೆಯು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ‘ಸ’ಕಾರದ ಶಕ್ತಿಯ ಬಹುಭಾಗ ಇದಕ್ಕಿಂತ ಮೇಲಿರುತ್ತದೆ. ಹೀಗಾಗಿ ಮಗು ‘ಸ’ ಎಂದುದು ಸರಿಯೇ ತಪ್ಪೇ ಎಂದು ಅಂಥ ಕರೆಯಲ್ಲಿ ನಿರ್ಣಯಿಸುವುದು ಕಷ್ಟ. ಗದ್ದಲ ತಗ್ಗಿಸುವ ಸೌಲಭ್ಯವು ‘ಸ’, ‘ಶ’ಗಳನ್ನೇ ಗದ್ದಲವೆಂದು ಭಾವಿಸಿ ಅಳಿಸಬಹುದು. ಪರಿಹಾರ ಸರಳ: ಮಗುವಿನ ಕಡೆಯ ಫೋನಿನಲ್ಲೇ ಧ್ವನಿಮುದ್ರಿಸಿ ಕಡತವನ್ನು ಕಳುಹಿಸುವುದು.

ಪರ್ಯಾಯ ಸಂವಹನ

ಮಾತು ಬಾರದ ಮಕ್ಕಳಿಗೆ, ಚಿತ್ರವನ್ನು ಮುಟ್ಟಿದರೆ ಪದವನ್ನು ಉಚ್ಚರಿಸುವ ಆ್ಯಪ್‌ಗಳಿವೆ. ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’ ಅಂಥದೊಂದು. ಇದರಿಂದ ಮಗು ಮಾತು ಕಲಿಯುವುದೇ ನಿಂತುಹೋದೀತು ಎಂಬ ಪೋಷಕರ ಭಯವನ್ನು ಅಧ್ಯಯನಗಳು ಸಮರ್ಥಿಸಿಲ್ಲ. ಸಾಧನವನ್ನು ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕುವುದು ಮಾತ್ರ ಮಗುವಿನ ಬಾಯಿ ಕಟ್ಟಿದಂತೆಯೇ ಸರಿ.

ಗೋಪ್ಯತೆ

ಅಭ್ಯಾಸದ ಧ್ವನಿಮುದ್ರಣವು ಮಗುವಿನ ವೈಯಕ್ತಿಕ ದತ್ತಾಂಶ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಅಪೇಕ್ಷಿಸುತ್ತದೆ. ಉಗ್ಗುವ ಮಗುವಿನ ಧ್ವನಿಯನ್ನು, ಪ್ರಗತಿ ತೋರಿಸುವ ಸದುದ್ದೇಶದಿಂದಲೇ ಆದರೂ, ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು.